ಅತ್ತೆಗೆ ನಾನು ಹೇಳಿಕೊಟ್ಟ ಓಟ

ಓಡಿದರೆ ಆ ಟರ್ಕಿ ಹುಂಜ ಇನ್ನಷ್ಟು ಮೈಮೇಲೆ ಬೀಳುತ್ತದೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ನನ್ನ ಅತ್ತೆಗೆ ಓಡಲು ಹೇಳಿದೆ. ಅವರ ಸೊಂಟದ ಎಲುಬು ಮುರಿದದ್ದು ಹಾಗೆ. ಇದನ್ನು ಎಷ್ಟೋ ವರ್ಷ ಯಾರಿಗೂ ಹೇಳಲಿಲ್ಲ.

ಶಿಗ್ಲಿಯ ನಮ್ಮ ಹಿತ್ತಲಲ್ಲಿ ಟರ್ಕಿ ಕೋಳಿ ಸಾಕಬೇಕೆಂಬುದು ನನ್ನ ಗಂಡ ಫಕೀರಪ್ಪನ ಆಸೆ. ಬಿಂಕದಕಟ್ಟಿ ಕಡೆಯವರೊಬ್ಬರಿಂದ ಮರಿ ತಂದು ಬಿಟ್ಟ. ಸಾಕುವ ಕೆಲಸ ನನ್ನ ಪಾಲಿಗೆ ಬಂತು. ಅದರಲ್ಲೊಂದು ಹುಂಜ ಬೆಳೆದಂತೆಲ್ಲ ಸಿಟ್ಟಿನದಾಯಿತು. ರೆಕ್ಕೆಯನ್ನು ನೆಲಕ್ಕೆ ಎಳೆಯುತ್ತ, ಬಾಲ ಬಿಚ್ಚಿ ಉಬ್ಬಿ ನಿಲ್ಲುವುದು. ನೀಲಿಯಾಗಿದ್ದ ತಲೆ ಕೆಂಪಿಗೆ ತಿರುಗಿತೋ — ಹಾರಿ ಬಂದು ಕಾಲಿನ ಮುಳ್ಳಿನಿಂದ ಒದೆಯುವುದು. ಮೊದಲ ಸಲ ನಾನೂ ಕಿರುಚುತ್ತ ಓಡಿದೆ. ಮರುದಿನ ಅದು ಬಾಗಿಲಲ್ಲೇ ಕಾದು ನಿಂತಿತ್ತು.

ಮರಿ ಕೊಟ್ಟವರಿಗೆ ಫೋನ್ ಮಾಡಿದೆ. "ಬೆನ್ನ ತೋರಿಸಬ್ಯಾಡ್ರಿ, ತಂಗಿ," ಎಂದರು. "ಓಡಿದ್ರ ತಾನ ಗೆದ್ದೆ ಅಂತ ತಿಳೀತೈತಿ. ಹೊಡಿಯೂದೂ ಬ್ಯಾಡ. ಎದುರಿಗೆ ನಡೀರಿ, ಹಿಡದು ನೆಲಕ್ಕ ಕುಂಡ್ರಸ್ರಿ. ತಣ್ಣಗ ಆಗೂತನಾ ಕೈ ತಗೀಬ್ಯಾಡ್ರಿ."

ಮೊರವನ್ನು ಅಡ್ಡ ಹಿಡಿದು ಎದುರಿಗೇ ನಡೆದೆ. ಬೆನ್ನ ಮೇಲೆ ಕೈಯಿಟ್ಟು ಕೂರಿಸಿದೆ. ಹಾಗೆ ಮಾಡುತ್ತ ಮಾಡುತ್ತ ಅದು ನನಗೆ ದಾರಿ ಬಿಡತೊಡಗಿತು. ಗಂಡನಿಗೂ ಕಲಿಸಿದೆ. ಅತ್ತೆಗೆ ಮಾತ್ರ...

ಅತ್ತೆ ನಿಂಗವ್ವ ಕೆಟ್ಟವರಲ್ಲ. ಆದರೆ ಮನೆಯೊಳಗೆ ನಾನು ಕೂತರೂ ಎದ್ದರೂ ಅವರದೊಂದು ಮಾತು ಇರುತ್ತಿತ್ತು. ಕೊರ್ಲಹಳ್ಳಿಯಲ್ಲಿರುವ ನನ್ನವ್ವನ ಜೊತೆ ಫೋನಿನಲ್ಲಿ ಮಾತಾಡಲು ಹಿತ್ತಲಿಗೆ ಹೋದರೆ, ಅಲ್ಲಿಗೂ ಬಂದು ನಿಲ್ಲುತ್ತಿದ್ದರು. ಒಂದು ಮಧ್ಯಾಹ್ನ ಹುಂಜ ಅವರನ್ನು ಅಟ್ಟಿಸಿಕೊಂಡು ಬಂತು. ಒಳಗೆ ಬಂದು ಏದುಸಿರು ಬಿಡುತ್ತ ಕೇಳಿದರು:

"ರೇಣವ್ವ, ಅದು ಮೈಮ್ಯಾಲೆ ಬಂದ್ರ ಏನ್ ಮಾಡಬೇಕವಾ?"

ಮೊರ ನನ್ನ ಕೈಯಲ್ಲೇ ಇತ್ತು.

"ಓಡಿ ಬಂದ್ಬಿಡ್ರಿ, ಅತ್ತಿ. ನಿಲ್ಲಬ್ಯಾಡ್ರಿ."

ಬಾಯಿ ತಪ್ಪಿ ಬಂದ ಮಾತಲ್ಲ ಅದು. ಅತ್ತೆ ಓಡಿದಂತೆಲ್ಲ ಹುಂಜಕ್ಕೆ ಧೈರ್ಯ ಬಂತು. ಅವರ ದನಿ ಕೇಳಿದರೂ ಸಾಕು, ಬಾಲ ಬಿಚ್ಚುತ್ತಿತ್ತು. ಅವರು ಹಿತ್ತಲಿಗೆ ಬರುವುದು ಕಡಿಮೆಯಾಯಿತು. ನಾನು ಅವ್ವನ ಜೊತೆ ನಿರಾಳವಾಗಿ ಮಾತಾಡಿದೆ — ನಗುತ್ತ.

ಆ ದಿನ ರೊಟ್ಟಿ ಬಡಿಯುತ್ತಿದ್ದೆ. ಹನಿ ಬೀಳತೊಡಗಿದವು. ಒಣಹಾಕಿದ್ದ ನನ್ನ ಸೀರೆ ನೆನೆಯುತ್ತದೆಂದು ಅತ್ತೆ ಹಿತ್ತಲಿಗಿಳಿದರು. ಅಡುಗೆಮನೆಯ ಕಿಟಕಿಯಿಂದ ಕಂಡೆ: ಅವರ ಬೆನ್ನ ಹಿಂದೆ ಹುಂಜ, ಅದರ ತಲೆ ಕೆಂಪಗಾಗುತ್ತಿತ್ತು. ಕೂಗಬಹುದಿತ್ತು. ಎರಡು ಹೆಜ್ಜೆ ಹಾಕಿದ್ದರೆ ಬಾಗಿಲು. ಇದೊಂದು ಸಲ ಓಡಲಿ, ಇನ್ನು ಈ ಕಡೆ ಬರುವುದೇ ಇಲ್ಲ — ಎಂದುಕೊಂಡೆ. ಹಿಟ್ಟಿನ ಕೈಯಲ್ಲಿ ಹಾಗೇ ನಿಂತೆ.

ಹುಂಜ ಹಾರಿತು. ಅತ್ತೆ ನಾನು ಹೇಳಿದಂತೆಯೇ ಓಡಿದರು. ಬಟ್ಟೆ ಒಗೆಯುವ ಕಲ್ಲಿನ ಬಳಿ ಕಾಲು ಜಾರಿತು.

ಗದಗಿನ ಆಸ್ಪತ್ರೆಯಲ್ಲಿ ಸೊಂಟಕ್ಕೆ ರಾಡ್ ಹಾಕಿದರು. ನೋಡಲು ಬಂದವರಿಗೆಲ್ಲ ಅತ್ತೆ ಒಂದೇ ಮಾತು ಹೇಳಿದರು: "ಸೊಸಿ ಓಡ್ರಿ ಅಂತ ಹೇಳಿದ್ಲು. ನನ್ನ ಕಾಲ ಕೈಕೊಟ್ಟುವು, ಆಕಿ ಏನ್ ಮಾಡ್ಯಾಳು." ಫಕೀರಪ್ಪ ಕೋಳಿಗಳನ್ನೆಲ್ಲ ಮಾರಿಬಿಟ್ಟ. ಅಂದಿನಿಂದ ಅತ್ತೆ ವಾಕರ್ ಹಿಡಿದೇ ನಡೆಯುತ್ತಾರೆ, ಅದೂ ನಾನು ಎಬ್ಬಿಸಿ ನಿಲ್ಲಿಸಿದರೆ. ಜಳಕಕ್ಕೆ ಕರೆದೊಯ್ದಾಗ ಹೊಲಿಗೆಯ ಗುರುತಿನ ಮೇಲೆ ನೀರು ಹಾಕುತ್ತ ಎಷ್ಟೋ ಸಲ ಬಾಯಿ ತೆರೆದೆ. ಆಗಲಿಲ್ಲ.

ಹೋದ ವಾರ ಪಕ್ಕದ ಮನೆಯ ಗೌರಕ್ಕ ಬಂದಳು. ಅವಳೂ ಟರ್ಕಿ ತಂದಿದ್ದಳು. ಹುಂಜ ಮೊಣಕಾಲಿಗೆ ಒದ್ದಿತ್ತಂತೆ. ಕಟ್ಟೆಯ ಮೇಲೆ ಕೂತಿದ್ದ ಅತ್ತೆ ಕಕ್ಕುಲತೆಯಿಂದ ಹೇಳಿದರು: "ಬಂದ್ರ ಓಡಿಬಿಡವಾ. ನಮ್ಮ ರೇಣವ್ವಗ ಎಲ್ಲಾ ಗೊತ್ತೈತಿ, ಬೇಕಾದ್ರ ಕೇಳು."

"ಓಡಬ್ಯಾಡ, ಗೌರಕ್ಕ," ಎಂದೆ. "ಓಡಿದ್ರ ಅದು ಬಿಡೂದಿಲ್ಲ. ಎದುರಿಗೆ ನಿಲ್ಲಬೇಕು."

ಅತ್ತೆ ನನ್ನನ್ನೇ ನೋಡಿದರು. ಗೌರಕ್ಕ ಹೋಗುವವರೆಗೂ ನೋಡುತ್ತಲೇ ಇದ್ದರು. ಆಮೇಲೆ ನಾನು ಅವರ ಕಾಲ ಬಳಿ ಕೂತು ಎಲ್ಲವನ್ನೂ ಹೇಳಿದೆ, ಕಿಟಕಿಯನ್ನೂ ಬಿಡದೆ.

ಅತ್ತೆ ಕೇಳಿದ್ದು ಒಂದೇ. "ನಾ ಬಿದ್ದಾಗ 'ರೇಣವ್ವಾ' ಅಂತ ಕೂಗಿದ್ನಲ್ಲ... ಕೇಳಿಸಿತ್ತೇನು?"

"ಕೇಳಿಸಿತ್ತು, ಅತ್ತಿ."

ಅವರು ಬೈಯಲಿಲ್ಲ. ಮಗನಿಗೂ ಹೇಳಲಿಲ್ಲ, ರಾತ್ರಿ ನಾನೇ ಹೇಳಿದೆ. ಅಂದಿನಿಂದ ಅತ್ತೆ ನನ್ನನ್ನು ಕರೆಯುವುದಿಲ್ಲ. ಬಚ್ಚಲಿಗೆ ಹೋಗಬೇಕಾದರೂ ಮಗ ಹೊಲದಿಂದ ಬರಲೆಂದು ತಡೆದುಕೊಂಡು ಕೂರುತ್ತಾರೆ. ನಾನು ಬಾಗಿಲ ಬಳಿ ನಿಂತಿರುತ್ತೇನೆ.