ಚೀಲದ ತೂಕ

ಹೊಸ ಗೋಣಿಚೀಲದ ವಾಸನೆ ನಿಮಗೆ ಗೊತ್ತಿದ್ದರೆ ನನ್ನ ಅರ್ಧ ಕೆಲಸ ಮುಗಿದ ಹಾಗೆ. ಮೊನ್ನೆ ಸೊರಟೂರಿನಿಂದ ಗೋಧಿ ಬಂತು. ಈಗೆಲ್ಲ ಪ್ಲಾಸ್ಟಿಕ್ ಚೀಲದಲ್ಲಿ ಬರುವ ಗೋಧಿ ಅದು ಹೇಗೋ ಈ ಸಲ ಗೋಣಿಯಲ್ಲಿ ಬಂತು. ಸೊಸೆ ಚೀಲದ ಬಾಯಿ ಬಿಚ್ಚಿದಳು. ಎಣ್ಣೆ ಬೆರೆತ ಆ ಒಣ ವಾಸನೆ ಪಡಸಾಲೆಗೆಲ್ಲ ಹರಡಿತು. ಅದು ನನ್ನ ಅಪ್ಪನ ಅಂಗಿಯ ವಾಸನೆ. ನಾನು ಕೈಯಲ್ಲಿದ್ದ ಚಹಾ ಮರೆತು ಕುಳಿತೆ. ಸೊಸೆ, ಅತ್ತೆಗೆ ವಯಸ್ಸಾಯಿತು ಎಂದುಕೊಂಡಿರಬೇಕು, ಕಪ್ಪು ಎತ್ತಿಕೊಂಡು ಹೋದಳು.

ಅಪ್ಪ ಗದಗಿನ ಅರಳೆ ಪೇಟೆಯಲ್ಲಿ ತೂಕ ಮಾಡುವವನಾಗಿದ್ದ. ಅಂಗಡಿ ಅವನದಲ್ಲ, ಅರಳೆಯೂ ಅವನದಲ್ಲ. ಅವನದೆಂದು ಇದ್ದದ್ದು ಮಾತೊಂದೇ. ಕೊಳ್ಳುವವರು, ಮಾರುವವರು ಇಬ್ಬರೂ ಅವನು ಹೇಳಿದ ತೂಕವನ್ನು ಮರುಮಾತಿಲ್ಲದೆ ಒಪ್ಪುತ್ತಿದ್ದರು. ಅಸುಂಡಿ, ಅಡರಕಟ್ಟಿಯ ರೈತರು, ಬೇರೆ ತೂಕದವರು ಖಾಲಿ ಕುಳಿತಿದ್ದರೂ, ಚಕ್ಕಡಿ ನಿಲ್ಲಿಸಿಕೊಂಡು ಅಪ್ಪನಿಗಾಗಿ ಕಾಯುತ್ತಿದ್ದರು. ಪೇಟೆಯ ರೂಢಿಯಲ್ಲಿ ಕಲ್ಲು ಎಣಿಸುವಾಗ ಮೊದಲನೆಯದಕ್ಕೆ ಒಂದು ಎನ್ನುವಂತಿಲ್ಲ, 'ಲಾಭ' ಎನ್ನಬೇಕು. ಎರಡರಿಂದ ಮುಂದೆ ಮಾಮೂಲು ಲೆಕ್ಕ. ಎಲ್ಲ ತೂಗಿದ ಮೇಲೆ ಚೀಲದ ತೂಕ ಕಳೆದು ಚೀಟಿ ಬರೆಯಬೇಕು. ಈ ಕಳೆಯುವಲ್ಲಿಯೇ ಕೆಲವರು ಕೈಚಳಕ ತೋರಿಸುತ್ತಿದ್ದರಂತೆ. ಅಪ್ಪ ಮಾತ್ರ ಖಾಲಿ ಚೀಲವನ್ನೂ ತಕ್ಕಡಿಗೆ ಹಾಕಿ, ಇಬ್ಬರಿಗೂ ತೋರಿಸಿ, ಆಮೇಲೆ ಕಳೆಯುತ್ತಿದ್ದ. ಇಷ್ಟೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ಆ ಮನುಷ್ಯ ಜೀವಮಾನದಲ್ಲಿ ಸುಳ್ಳು ತೂಕ ಬರೆದದ್ದು ಒಬ್ಬರದೇ, ಅದು ನನ್ನದು.

ನಾಡು ಒಂದಾದ ವರ್ಷ ಅದು. ನನಗೆ ಇಪ್ಪತ್ತೆರಡು. ಬೆಟಗೇರಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ, ಹಾಗಾಗಿ ಎಲ್ಲರಿಗೂ ನಾನು 'ಬಾಯಾರ'. ಬೇಸಿಗೆ ರಜೆಯಲ್ಲಿ, ಶಾಲೆಗೆ ಬೀಗ ಬಿದ್ದು ಹದಿನೈದು ದಿನವಾದ ಮೇಲೆ, ನನ್ನ ಕಿವಿಗೆ ಮಕ್ಕಳು ಹಾಜರಿ ಕೊಡುವುದು ಕೇಳಿಸತೊಡಗಿತು. ರೊಟ್ಟಿ ಬಡಿಯುವಾಗ, ನೀರು ಸೇದುವಾಗ, "ಹಾಜರ, ಬಾಯಾರ." ಮೊದಮೊದಲು ಚಂದವೇ ಅನಿಸಿತ್ತು. ಆಮೇಲೆ ಆ ಮಕ್ಕಳು ನನ್ನನ್ನು ಬೈಯತೊಡಗಿದರು. ನಿದ್ದೆ ಹೋಯಿತು. ಊಟದಲ್ಲಿ ಏನೋ ಬೆರೆಸಿದ್ದಾರೆಂದು ತಾಟು ದೂಡತೊಡಗಿದೆ. ಅವ್ವ ಶಿರಹಟ್ಟಿಯ ಮಠಕ್ಕೆ ಹರಕೆ ಹೊತ್ತಳು, ಲಕ್ಷ್ಮೇಶ್ವರದ ದರ್ಗಾದಿಂದ ತಾಯತ ತಂದಳು. ಕೊನೆಗೆ ಅಪ್ಪ ಧಾರವಾಡದ ಡಾಕ್ಟರರೊಬ್ಬರ ಹತ್ತಿರ ಕರೆದುಕೊಂಡು ಹೋದ. ಅವರು ಆಗಷ್ಟೇ ಬಂದಿದ್ದ ಹೊಸ ಗುಳಿಗೆ ಕೊಟ್ಟರು. ಮೂರು ವಾರದಲ್ಲಿ ಮಕ್ಕಳು ಒಬ್ಬೊಬ್ಬರಾಗಿ ಸುಮ್ಮನಾದರು, ನಾನು ಶಾಲೆಗೆ ವಾಪಸು ಹೋದೆ.

ಗುಳಿಗೆ ಕಿವಿಯನ್ನು ಮಲಗಿಸಿತು, ಹೊಟ್ಟೆಯನ್ನು ಎಬ್ಬಿಸಿತು. ಎರಡು ರೊಟ್ಟಿಗೆ ಸಾಕೆನ್ನುತ್ತಿದ್ದವಳು ಐದಕ್ಕೆ ಬಂದೆ. ಎಣ್ಣೆಗಾಯಿಯ ಬೋಗುಣಿಯನ್ನು ಬೆರಳಿನಿಂದ ಒರೆಸಿ, ಶೇಂಗಾ ಹಿಂಡಿ ಒಂದು ಚಮಚೆ ಹೆಚ್ಚು ಹಾಕಿಸಿಕೊಂಡು, ಇನ್ನೂ ಏನಾದರೂ ಇದೆಯೇ ಎಂದು ಅಡುಗೆಮನೆಯ ಕಡೆ ನೋಡುತ್ತ ಕೂರುತ್ತಿದ್ದೆ. ಪಾಠದ ನಡುವೆ ಮಕ್ಕಳ ಬುತ್ತಿಯ ಮೇಲೆ ಕಣ್ಣು ಹೋಗುತ್ತಿತ್ತು. ಅವ್ವನಿಗೆ ಇದರಷ್ಟು ಸಂತೋಷ ಬೇರೆ ಇರಲಿಲ್ಲ. ತಾಟು ದೂಡಿದ್ದ ಮಗಳು ತಾಟು ನೆಕ್ಕುತ್ತಿದ್ದಳಲ್ಲ.

ಡಾಕ್ಟರರು ತಿಂಗಳಿಗೊಮ್ಮೆ ತೂಕ ಬರೆದು ತರಲು ಹೇಳಿದ್ದರು, ತೂಕ ನೋಡಿಯೇ ಗುಳಿಗೆಯ ಪ್ರಮಾಣ ಹೆಚ್ಚು ಕಡಿಮೆ ಮಾಡುತ್ತೇನೆ ಎಂದಿದ್ದರು. ನಮ್ಮ ಮನೆಯಲ್ಲಿ ತೂಕ ಎಂದರೆ ಅಪ್ಪನೇ. ಪೇಟೆಗೆ ರಜೆ ಇರುವ ದಿನ ನಾನು ದೊಡ್ಡ ತಕ್ಕಡಿಯ ಹಲಗೆಯ ಮೇಲೆ ಸೆರಗು ಹೊದ್ದು, ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದೆ. ನನ್ನ ಬೆನ್ನ ಹಿಂದೆ ಅಪ್ಪ 'ಲಾಭ' ಎಂದು ಶುರುಮಾಡಿ, ಮುಂದಿನದನ್ನು ಮನಸ್ಸಿನಲ್ಲೇ ಎಣಿಸುತ್ತ ಕಲ್ಲು ಏರಿಸುತ್ತಿದ್ದ. ಮಣ ಸೇರನ್ನು ಪೌಂಡಿಗೆ ಇಳಿಸಿ, ಚೀಟಿ ಬರೆದು, ಮಡಚಿ ಕಿಸೆಗೆ ಹಾಕಿಕೊಂಡು, ಮೊದಲಿನಷ್ಟೇ ಇದೆ ಎನ್ನುತ್ತಿದ್ದ. ಆ ಚೀಟಿ ಹಿಡಿದು ಧಾರವಾಡಕ್ಕೆ ಅವನೊಬ್ಬನೇ ಹೋಗಿ ಗುಳಿಗೆ ತರುತ್ತಿದ್ದ. ನಾಲ್ಕು ತಿಂಗಳು ನಾಲ್ಕೂ ಸಲ ಮೊದಲಿನಷ್ಟೇ.

ಆದರೆ ಕುಬಸ ಬಿಗಿಯಾಗುತ್ತಿತ್ತು. ಸೀರೆಯ ನಿರಿಗೆ ಐದರಿಂದ ಮೂರಕ್ಕೆ ಇಳಿದಿತ್ತು. ಅವ್ವನನ್ನು ಕೇಳಿದರೆ ಬಾವಿಯ ಸವಳು ನೀರಿಗೆ ಬಟ್ಟೆ ಮುದುಡುತ್ತದೆ ಎಂದಳು. ನಮ್ಮ ಮನೆಯ ಕನ್ನಡಿ ಕುಂಕುಮ ಹಚ್ಚಿಕೊಳ್ಳುವಷ್ಟೇ ದೊಡ್ಡದು, ಅದರಲ್ಲಿ ಹಣೆ ಕಂಡರೆ ಗಲ್ಲ ಕಾಣುತ್ತಿರಲಿಲ್ಲ. ಓಣಿಯ ಜನ ಹೇಳಬಹುದಿತ್ತು. ಹುಚ್ಚು ಹಿಡಿದು ಎದ್ದುಬಂದವಳ ಮುಂದೆ ಓಣಿ ಬಹಳ ಹುಷಾರಾಗಿ ಮಾತಾಡುತ್ತದೆ ನೋಡಿ. ಆರಾಮವೇ ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋಗುತ್ತಿದ್ದರು.

ಈಗ ನನ್ನ ಜಾಗದಲ್ಲಿ ನಿಂತು ನೋಡಿ. ಇಲ್ಲದ ಮಕ್ಕಳ ದನಿ ಕೇಳಿದವಳು ನಾನು. ನನ್ನ ಕಿವಿ ಒಮ್ಮೆ ನನಗೆ ಸುಳ್ಳು ಹೇಳಿತ್ತು. ಗದಗಿನ ಪೇಟೆಯೆಲ್ಲ ನಂಬುವ ತಕ್ಕಡಿ, ನೀನು ದಪ್ಪ ಆಗಿಲ್ಲ ಎನ್ನುತ್ತದೆ. ನನ್ನ ಮೈ, ಆಗಿದ್ದೀ ಎನ್ನುತ್ತದೆ. ಯಾರನ್ನು ನಂಬಲಿ? ಅಪ್ಪನನ್ನೇ ನಂಬಿದೆ. ಅಂದರೆ ರೋಗ ಮತ್ತೆ ಬಂದಿದೆ, ಈ ಸಲ ಕಿವಿ ಬಿಟ್ಟು ಮೈಗೆ ಹತ್ತಿದೆ ಎಂದು ತೀರ್ಮಾನಿಸಿದೆ. ತಲೆ ನೆಟ್ಟಗಿಲ್ಲದವಳು ಮಕ್ಕಳಿಗೆ ಪಾಠ ಹೇಳಬಾರದು ಎಂದು ರಾಜೀನಾಮೆ ಬರೆದು ಚೀಲದಲ್ಲಿಟ್ಟುಕೊಂಡೆ. ಒಂಬತ್ತು ದಿನ ಅದನ್ನು ಶಾಲೆಗೆ ಒಯ್ದೆ, ಒಂಬತ್ತು ದಿನ ವಾಪಸು ತಂದೆ. ಅಷ್ಟು ಹೆದರಿಕೆ ನನಗೆ ಮುಂದೆಂದೂ ಆಗಿಲ್ಲ.

ಹತ್ತನೆಯ ದಿನ ಬಳೆಗಾರ್ತಿ ಬಂದಳು. ದೀಪಾವಳಿ ಹತ್ತಿರ ಬಂದಿತ್ತು. ನನಗೆ ಹನ್ನೆರಡು ವರ್ಷವಿದ್ದಾಗಿನಿಂದ ಬಳೆ ಇಡಿಸುತ್ತಿದ್ದ ಹಸೀನಾಬಿ ಅವಳು, ನನ್ನ ಕೈಯ ಅಳತೆ ಅವಳಿಗೆ ಬಾಯಿಪಾಠ. ಕೇಳದೆಯೇ ಹಳೆಯ ಅಳತೆಯ ಹಸಿರು ಬಳೆ ತೆಗೆದಳು. ಕೈ ಹಿಚುಕಿದಳು, ಹೆಬ್ಬೆರಳು ಮಡಚಿದಳು, ಎಣ್ಣೆ ಕೇಳಿದಳು. ಎರಡು ಬಳೆ ಪಟಪಟ ಒಡೆದವು. ಅವ್ವ ಅಡುಗೆಮನೆಯಿಂದ ಹೇಳಬೇಡ ಎಂದು ಕಣ್ಸನ್ನೆ ಮಾಡುತ್ತಿದ್ದಳಂತೆ, ಹಸೀನಾಬಿ ತಲೆ ಎತ್ತಿದರೆ ತಾನೇ.

"ಬಾಯಾರ, ಎರಡಳತಿ ಏರೇದರಿ ಕೈ," ಎಂದಳು. "ಚಲೋತ್ನಂಗ ಮೈ ಹಿಡದೀರಿ ಬಿಡ್ರಿ."

ನಾನು ಮತ್ತೊಮ್ಮೆ ಹೇಳಿಸಿದೆ. ಬಾವಿಯ ನೀರಿಗೆ ಬಟ್ಟೆ ಮುದುಡಬಹುದು, ಗಾಜು ಮುದುಡುವುದಿಲ್ಲ. ನಾನು ದಪ್ಪ ಆಗಿದ್ದೆ. ನಿಜವಾಗಿ ದಪ್ಪ ಆಗಿದ್ದೆ, ನನ್ನ ತಲೆ ನೆಟ್ಟಗಿತ್ತು. ಹಸೀನಾಬಿಯ ಎರಡೂ ಕೈ ಹಿಡಿದು ನಕ್ಕೆ, ನಗುತ್ತ ಅತ್ತೆ. ದಪ್ಪ ಆದೆನೆಂದು ಅಷ್ಟು ಸಂತೋಷಪಟ್ಟ ಹೆಣ್ಣು ಗದಗು–ಬೆಟಗೇರಿ ಎರಡೂ ಸೇರಿಸಿದರೂ ಇನ್ನೊಬ್ಬಳು ಇರಲಿಕ್ಕಿಲ್ಲ. ಪಾಪ, ಅವಳು ಒಡೆದ ಬಳೆಗೇ ಅಳುತ್ತಿದ್ದೇನೆಂದು ತಿಳಿದು ಎರಡು ಹೆಚ್ಚಿಗೆ ಇಟ್ಟು ಹೋದಳು.

ಮುಂದಿನ ರಜೆಯ ದಿನ ನಾನು ಹಲಗೆಯ ಮೇಲೆ ತಿರುಗಿ ಕೂತೆ, ಕಲ್ಲುಗಳ ಕಡೆ ಮುಖ ಮಾಡಿ. ಅಪ್ಪ ಕಲ್ಲು ಎತ್ತಿಕೊಂಡವನು ಹಾಗೆಯೇ ನಿಂತ. ನಾನೇ ಎಣಿಸುತ್ತೇನೆ ಎಂದೆ. ಅವನು ಒಂದೊಂದಾಗಿ ಏರಿಸಿದ, ನಾನು ಎಣಿಸಿದೆ. ಪೌಂಡಿಗೆ ಇಳಿಸಿದರೆ ಚೀಟಿಯಲ್ಲಿ ಬರೆಯುತ್ತಿದ್ದುದಕ್ಕಿಂತ ಇಪ್ಪತ್ತಾರು ಹೆಚ್ಚು. ಯಾಕೆ ಹೀಗೆ ಮಾಡಿದೆ ಎಂದು ಕೇಳಿದೆ.

ಅಪ್ಪ ಅರಳೆಯ ಅಂಡಿಗೆಯ ಮೇಲೆ ಕುಳಿತ. "ಚೀಲದ ತೂಕಾ ಕಳದ ಬರದೇನವಾ," ಎಂದ. "ಈ ಮೈ ಗುಳಿಗಿ ಕೊಟ್ಟದ್ದು. ಚೀಲಾ ಎಷ್ಟರ ದಪ್ಪ ಇರಲಿ, ಒಳಗಿನ ಅರಳಿ ಅಷ್ಟ ಅಲ್ಲೇನು? ನನ್ನ ಮಗಳು ಇದ್ದಷ್ಟ ಅದಾಳ."

"ಅಪ್ಪಾ, ನನಗ ಮತ್ತ ಹುಚ್ಚ ಹಿಡದೈತಿ ಅಂತ ತಿಳ್ಕೊಂಡಿದ್ದೆ."

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಹೆಗಲ ಮೇಲಿನ ಟವೆಲಿನಿಂದ ಮುಖ ಮುಚ್ಚಿಕೊಂಡ. ದಪ್ಪ ಆದೆನೆಂದು ಗೊತ್ತಾದರೆ ನಾನು ಗುಳಿಗೆ ಬಿಟ್ಟುಬಿಡುತ್ತೇನೆ, ಇಲ್ಲವೇ ಡಾಕ್ಟರರೇ ಇಳಿಸಿಬಿಡುತ್ತಾರೆ ಎಂದು ಅವನಿಗೆ ಹೆದರಿಕೆಯಂತೆ. ನನಗೆ ಸಿಟ್ಟು ಬಂದಿತ್ತು, ನಿಜವಾದ ಸಿಟ್ಟು. ಆದರೆ ಅಷ್ಟು ಪ್ರೀತಿ ಬೇರೆ ಯಾರೂ ತೋರಿಸಿರಲಿಲ್ಲ. ಎರಡೂ ಒಟ್ಟಿಗೇ ಇದ್ದವು, ಈಗಲೂ ಇವೆ. ಅವನು ಪೆನ್ಸಿಲನ್ನು ನನ್ನ ಕೈಗೆ ಕೊಟ್ಟ. ಅಂದಿನಿಂದ ಚೀಟಿ ನಾನೇ ಬರೆದೆ.

ಧಾರವಾಡದಲ್ಲಿ ಅಪ್ಪ ತನ್ನ ತಪ್ಪನ್ನು ತಾನೇ ಒಪ್ಪಿಕೊಂಡ. ಡಾಕ್ಟರರು ಬೈಯಲಿಲ್ಲ, ಗುಳಿಗೆ ಸ್ವಲ್ಪ ಇಳಿಸಿದರು. ಬಂದ ಮೈ ಪೂರ್ತಿ ಹೋಗಲಿಕ್ಕಿಲ್ಲ, ನೀನಾಗಿ ಮಾತ್ರ ಗುಳಿಗೆ ಬಿಡಬೇಡ ಎಂದರು. ನಾನು ಐದು ರೊಟ್ಟಿಯನ್ನು ಮೂರಕ್ಕೆ ತಂದೆ, ಎರಡಕ್ಕೆ ತರುವ ಪ್ರಯತ್ನ ಇವತ್ತಿಗೂ ನಡೆದಿದೆ. ಗದಗಿನಿಂದ ಬೆಟಗೇರಿಗೆ ನಡೆದೇ ಹೋಗತೊಡಗಿದೆ. ಹೊಸ ಅಳತೆಯಲ್ಲಿ ನಾಲ್ಕು ಕುಬಸ ಹೊಲಿಸಿ, ಹಳೆಯವನ್ನು ಹರಿದು ಕರಿಹಲಗೆ ಒರೆಸಲು ಶಾಲೆಗೆ ಕೊಟ್ಟೆ. ಆ ನವೆಂಬರಿನಲ್ಲಿ ಅದೇ ಹಲಗೆಯ ಮೇಲೆ ಹೊಸ ನಾಡಿನ ನಕಾಶೆ ಬರೆದೆ. ಒಂದು ಕಾಲಕ್ಕೆ ಲಕ್ಷ್ಮೇಶ್ವರಕ್ಕೆ ಒಬ್ಬ ದೊರೆ, ಶಿರಹಟ್ಟಿಗೆ ಇನ್ನೊಬ್ಬ, ಮುಂಡರಗಿಗೆ ಬ್ರಿಟಿಷರು. ಈಗ ಎಲ್ಲವೂ ಮೈಸೂರಿನ ಜೊತೆ ಒಂದೇ ಗೆರೆಯೊಳಗೆ. ನಾಡು ಅಗಲವಾದುದಕ್ಕೆ ಊರೆಲ್ಲ ಸಕ್ಕರೆ ಹಂಚಿದರು. ನಾನೂ ಅಗಲವಾಗಿದ್ದೆನಾದ್ದರಿಂದ ಎರಡು ಸಲ ಕೈ ಒಡ್ಡಿದೆ. ರಾಜೀನಾಮೆ ಕಾಗದದ ಹಿಂದೆ ಮಗ್ಗಿ ಬರೆದು ಒಂದನೆಯ ಇಯತ್ತೆಯ ಮಕ್ಕಳಿಗೆ ಕೊಟ್ಟೆ.

ಇದನ್ನೆಲ್ಲ ನಾನು ಯಾರಿಗೂ ಹೇಳಿರಲಿಲ್ಲ, ಮಗ ಸೊಸೆಗೂ. ಅವರಿಗೆ ನನ್ನ ಗುಳಿಗೆ ಎಂದರೆ ಬಿ.ಪಿ. ಗುಳಿಗೆ. ನಿನ್ನೆ ಮುಂಡರಗಿಯಿಂದ ತಮ್ಮನ ಮೊಮ್ಮಗಳು ಬಂದಳು. ಕಾಲೇಜು ಓದುವ ಹುಡುಗಿ, ಒಂದು ವರ್ಷದಿಂದ ಮನಸ್ಸಿನ ಕಾಯಿಲೆಗೆ ಔಷಧಿ. ನಾಲ್ಕು ದಿನದಿಂದ ಗುಳಿಗೆ ಬಿಟ್ಟಿದ್ದಾಳೆಂದು ಅವಳ ತಾಯಿ ಫೋನಿನಲ್ಲಿ ಅತ್ತಿದ್ದಳು. ಹುಡುಗಿ ನನ್ನ ಹತ್ತಿರ ಕುಳಿತು, ತಾನು ದಪ್ಪ ಆಗಿದ್ದೇನೆಯೇ ಎಂದು ಕೇಳಿದಳು. ಎಲ್ಲಿ ದಪ್ಪ, ಹಾಗೆ ನಿನಗೆ ಅನಿಸುತ್ತದೆ ಅಷ್ಟೇ ಎಂದು ಮನೆಯವರೆಲ್ಲ ಹೇಳುತ್ತಾರಂತೆ.

ನಾನು ಅವಳನ್ನು ನಿಲ್ಲಿಸಿ, ಸುತ್ತ ತಿರುಗಿಸಿ ನೋಡಿದೆ. "ಆಗೀ," ಎಂದೆ. "ಗುಳಿಗಿಯಿಂದ ಆಗೀ. ನಾನೂ ಹಿಂಗ ಆಗಿದ್ದೆ. ಗುಳಿಗಿ ಬಿಡಬ್ಯಾಡ, ಡಾಕ್ಟರಿಗೆ ಇದ್ದದ್ದು ಇದ್ದಂಗ ಹೇಳು."

ಬಾಗಿಲಲ್ಲಿ ಸೊಸೆ ನಿಂತಿದ್ದಳು. ನಿಂತಿರಲಿ ಎಂದು ಹಾಜರಿಯಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಹುಡುಗಿ ಬಹಳ ಹೊತ್ತು ಅತ್ತಳು. ಆಮೇಲೆ ಮೂಗು ಒರೆಸಿಕೊಂಡು, "ಅಂದ್ರ ನನಗ ಅನಿಸಿದ್ದು ಖರೇನ ಇತ್ತು," ಎಂದಳು.