ನೆಗೆಯದ ಮೊಲ

ನಮ್ಮ ದರ್ಜಿ ಮಾವ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಆಸಾಮಿ. ಅಂಗಡಿಯ ಕಂಪ್ಯೂಟರಿನ ಹಳೇ ಕಾದಾಟದ ಆಟದಲ್ಲಿ ಅವನ ಮೊಲ ದಿನಕ್ಕೆ ನಲವತ್ತು ಸಲ ತೋಳದ ಬಾಯಿಗೆ ಬಿದ್ದು ಸಾಯುತ್ತದೆ. ಮಾವನ ಮೀಸೆ ಮಾತ್ರ ಮಣ್ಣಾಗುವುದಿಲ್ಲ. ಕುರ್ಚಿ ಅಲುಗಿತು, ಗಿರಾಕಿ ಕೆಮ್ಮಿದ, ಹೀಗೆ ನೂರೆಂಟು ನೆಪ. ನೆಗೆದು ಒದ್ದರೆ ತೋಳ ಬೀಳುತ್ತದೆಂದು ಎಲ್ಲರಿಗೂ ಗೊತ್ತು. "ನೆಗೀರಿ ಅಂದ್ರೆ!" ಎಂದು ಅತ್ತೆ ಗುಂಡಿ ಹೊಲಿಯುತ್ತಲೇ ಕೂಗುತ್ತಾಳೆ. "ನೆಗೆಯೋದು ಹೇಡಿಗಳ ಕೆಲಸ ಕಣೇ, ನಂದು ನಿಂತು ಹೊಡೆಯೋ ಮೊಲ!" ಬಲಗೈಯಲ್ಲಿ ಮೌಸು, ನೆಗೆಯುವ ಕೀಲಿ ಎಡಗೈ ಹೆಬ್ಬೆರಳಿನ ಪಾಲು. ಹೋದ ವರ್ಷ ಲಕ್ವ ಹೊಡೆದ ಮೇಲೆ ಉಳಿದ ಬೆರಳೆಲ್ಲ ಚೇತರಿಸಿಕೊಂಡರೂ ಆ ಹೆಬ್ಬೆರಳು ಮಾತ್ರ ಸೂಜಿ ಚುಚ್ಚಿದರೂ ಅಲುಗಿರಲಿಲ್ಲ. ನಿನ್ನೆ ಮೊಲ ಗೇಣುದ್ದ ನೆಗೆಯಿತು. ತೋಳ ಅಲ್ಲೇ ಹಿಡಿದು ಕೊಂದಿತು. ಅತ್ತೆ ಸೂಜಿ ಬಿಸಾಡಿ ಓಡಿಬಂದಳು: "ಎಲ್ಲಿ, ಇನ್ನೊಂದ್ಸಲ ಸಾಯ್ರೀ, ನೋಡೋಣ!"