ಉಮಾವತಿಯವರ ನೇರ ಗೆರೆಗಳು

ಕಾಮೋಠೆಯ ಉಮಾವತಿಯವರಿಗೆ ಈಗ ಐವತ್ತೆರಡು ವರ್ಷ. ಹಿರಿಯಡ್ಕದ ಕಡೆಯಿಂದ ಮದುವೆಯಾಗಿ ಬಂದವರು. ಗಂಡ ಕಿಟ್ಟಣ್ಣ ಪನ್ವೇಲಿನ ಒಂದು ಹೋಟೆಲಿನಲ್ಲಿ ಕೌಂಟರ್ ನೋಡಿಕೊಳ್ಳುತ್ತಾರೆ. ಉಮಾವತಿ ಬಹಳ ವರ್ಷ ಬ್ಲೌಸು ಹೊಲಿದರು, ಸೀರೆಗೆ ಫಾಲ್ ಹಚ್ಚಿದರು. ಈಗ ಹೆಚ್ಚಾಗಿ ಹೊಲಿಯುವುದು ಹಳೆಯ ಸೀರೆಗಳ ಹೊದಿಕೆ. ಅದನ್ನು ಅವರು ಇಲ್ಲಿಯ ಮರಾಠಿಯವರ ಹಾಗೆ ಗೋಧಡಿ ಎನ್ನುತ್ತಾರೆ. ಅವರಿಗೆ ಅದನ್ನು ಕಲಿಸಿದ ಸಾಬವ್ವ ಕೌದಿ ಎನ್ನುತ್ತಾರೆ. ಸಾಬವ್ವ ವಿಜಯಪುರದ ಕಡೆಯವರು, ಅದೇ ಕಟ್ಟಡದ ಕೆಳಗಿನ ಮನೆಯವರು, ಎಪ್ಪತ್ತರ ಹತ್ತಿರ. ಅವರು ಮೆಷಿನ್ನು ಮುಟ್ಟಿದವರಲ್ಲ, ಎಲ್ಲವೂ ಕೈ ಹೊಲಿಗೆ.

ಉಮಾವತಿ ಕಲಿತದ್ದನ್ನು ಮೆಷಿನ್ನಿಗೆ ತಂದರು. ಮಾಮೂಲಿ ಹೊಲಿಗೆಯಲ್ಲಿ ಮೆಷಿನ್ನಿನ ಹಲ್ಲುಗಳು ಬಟ್ಟೆಯನ್ನು ತಾವೇ ಎಳೆದುಕೊಳ್ಳುತ್ತವೆ. ಈ ಹೊಲಿಗೆಯಲ್ಲಿ ಹಲ್ಲುಗಳನ್ನು ಕೆಳಗಿಳಿಸಿಬಿಡಬೇಕು. ಆಮೇಲೆ ಬಟ್ಟೆ ಎಲ್ಲಿಗೂ ಹೋಗುವುದಿಲ್ಲ, ಸೂಜಿ ನಿಂತಲ್ಲೇ ಕುಟ್ಟುತ್ತದೆ. ಎರಡೂ ಕೈಯಿಂದ ಬಟ್ಟೆಯನ್ನೇ ಸೂಜಿಯ ಕೆಳಗೆ ಸರಿಸುತ್ತಾ ಚಿತ್ರ ಬರೆಯಬೇಕು. ಕೈ ತಡವಾದರೆ ಹೊಲಿಗೆ ಒಂದರ ಮೇಲೊಂದು ಬೀಳುತ್ತದೆ. ಅವಸರವಾದರೆ ಉದ್ದುದ್ದ ಆಗುತ್ತದೆ. ಬಟ್ಟೆ ಜಾರದಿರಲೆಂದು ಅವರು ಹಾರ್ಡ್‌ವೇರ್ ಅಂಗಡಿಯ ರಬ್ಬರ್ ಚುಕ್ಕೆಯ ಕೈಗವಸು ಹಾಕಿಕೊಳ್ಳುತ್ತಾರೆ. ಎರಡು ವರ್ಷದಲ್ಲಿ ಬಳ್ಳಿ, ಮಾವಿನಕಾಯಿ, ಸುರುಳಿ ಎಲ್ಲ ಅವರ ಕೈಗೆ ಬಂದವು. ನೇರ ಗೆರೆ ಮಾತ್ರ ಬಂದಿರಲಿಲ್ಲ. ಬಳ್ಳಿ ಸ್ವಲ್ಪ ವಾಲಿದರೂ ಬಳ್ಳಿಯೇ. ಚೌಕ ವಾಲಿದರೆ ಕಣ್ಣು ಅಲ್ಲೇ ಹೋಗಿ ನಿಲ್ಲುತ್ತದೆ.

ಜನವರಿಯಲ್ಲಿ ಸೀವುಡ್ಸ್‌ನಿಂದ ತೃಪ್ತಿ ಎಂಬ ಹುಡುಗಿ ಬಂದಳು. ಬ್ಯಾಂಕಿನಲ್ಲಿ ಕೆಲಸ, ಮೂವತ್ತು ದಾಟಿಲ್ಲ. ಅವಳ ಅಮ್ಮ ಸುಂದರಿ ತೀರಿಹೋಗಿ ಒಂದು ವರ್ಷವಾಗಿತ್ತು. ಅಪ್ಪ ದೇವದಾಸ್ ಟಿಟ್ವಾಳಾದ ಮನೆ ಬಿಟ್ಟು ಮಗಳ ಜೊತೆ ಇರಲು ಬರುವವರಿದ್ದರು. ಅವಳು ಚೀಲದಿಂದ ಅಮ್ಮನ ಸೀರೆ ತೆಗೆದಳು. ಸಾಸಿವೆ ಬಣ್ಣದ ಮೈಸೂರು ರೇಷ್ಮೆ, ಸಣ್ಣ ಅಂಚು.

"ಪಪ್ಪಾನಿಗೆ ಕ್ವಿಲ್ಟ್ ಬೇಕು ಆಂಟಿ. ಅವರಿಗೆ ಗೊತ್ತಿಲ್ಲ, ಸರ್‌ಪ್ರೈಸ್. ಡಿಸೈನ್ ಇದು." ಫೋನಿನಲ್ಲಿ ಫೋಟೋ ತೋರಿಸಿದಳು. ಒಂದರೊಳಗೊಂದು ಚೌಕ, ಚೌಕಗಳ ನಡುವೆ ತ್ರಿಕೋನದ ಸಾಲು. "ಹೂವು ಗೀವು ಬೇಡ. ಪಪ್ಪಾ ನಕ್ಷೆ ಬರೆಯೋ ಡ್ರಾಫ್ಟ್ಸ್‌ಮನ್ ಆಗಿದ್ರು, ಅವರಿಗೆ ಲೈನ್ ಅಂದ್ರೆ ಲೈನೇ."

"ನೇರ ಗೆರೆ ನನಗೆ ಅಷ್ಟು ಅಭ್ಯಾಸ ಇಲ್ಲ ಮಾರಾಯ್ತಿ."

"ಟೈಮ್ ತಗೊಳ್ಳಿ ನಾ. ಒಂದೇ ಮಾತು, ಸೀರೆಗೆ ಕತ್ತರಿ ಹಾಕ್ಬೇಡಿ. ಮಮ್ಮೀದು ಒಳ್ಳೇದು ಅಂತ ಉಳಿದಿರೋದು ಇದೊಂದೇ."

ಉಮಾವತಿ ಮಾತು ಕೊಟ್ಟರು. ಹದಿನೈದು ದಿನ ಬೇರೆ ಬಟ್ಟೆಯ ಮೇಲೆ ಚೌಕ ಮಾತ್ರ ಹೊಲಿದರು. ಸೂಜಿಯನ್ನು ನೋಡಬಾರದು, ಗೆರೆ ಹೋಗಿ ಮುಟ್ಟಬೇಕಾದ ಮೂಲೆಯನ್ನು ನೋಡಬೇಕು ಎಂದು ಗೊತ್ತಾದದ್ದು ಹನ್ನೊಂದನೇ ದಿನ. ಮೂಲೆಯಲ್ಲಿ ಒಂದು ಹೊಲಿಗೆಯಷ್ಟು ನಿಂತು, ಉಸಿರು ಬಿಟ್ಟು, ಆಮೇಲೆ ತಿರುಗಬೇಕು ಎಂಬುದು ಅದರ ಮರುದಿನ. ಅನ್ನದ ಕುಕ್ಕರ್ ಎರಡು ಸಲ ತಳ ಹಿಡಿಯಿತು. ಕಿಟ್ಟಣ್ಣ, "ಇವತ್ತೂ ಚೌಕವೇ ಊಟಕ್ಕೆ?" ಎಂದು ಕೇಳಿದರು.

ಆಮೇಲೆ ಸೀರೆಗೆ ಕೈ ಹಾಕಿದರು. ಕತ್ತರಿಸದೆ ಸೀರೆಯನ್ನು ಉದ್ದಕ್ಕೆ ಎರಡಾಗಿ ಮಡಚಿದರು. ಮಡಿಕೆಯೊಳಗೆ ಹಳೆಯ ಹತ್ತಿ ಸೀರೆಗಳನ್ನು ಹಾಸಿದರು, ತುದಿಗಳನ್ನು ಒಳಗೆ ಸೇರಿಸಿದರು. ಹೀಗೆ ಮೇಲೂ ಕೆಳಗೂ ಸುಂದರಿಯವರ ಸೀರೆಯೇ ಬಂತು. ರೇಷ್ಮೆಯಲ್ಲಿ ಹೊಲಿಗೆ ಬಿಚ್ಚಿದರೆ ಸೂಜಿಯ ತೂತು ಹಾಗೇ ಉಳಿಯುತ್ತದೆ. ಅಂದರೆ ಪ್ರತಿ ಗೆರೆಗೂ ಒಂದೇ ಅವಕಾಶ. ಸಾಬವ್ವ ಕಲಿಸಿದ ಹಾಗೆ ಅವರು ಅಂಚಿನಿಂದ ಶುರು ಮಾಡಿದರು. ಕೌದಿಯನ್ನು ಯಾವಾಗಲೂ ಅಂಚಿನಿಂದ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬಂದು ಮುಗಿಸುತ್ತಾರೆ.

ಗೆರೆಗಳು ಚೆನ್ನಾಗಿ ಬಂದವು. ಹೊರಗಿನ ಚೌಕ, ತ್ರಿಕೋನ, ಒಳಗಿನ ಚೌಕ. ಒಂಬತ್ತನೇ ದಿನ ಮಧ್ಯಾಹ್ನ ನಡುವೆ ಒಂದು ಮೊಳದಷ್ಟು ಜಾಗ ಉಳಿದಾಗ ಉಮಾವತಿ ಕೈಗವಸು ಬಿಚ್ಚಿ ಬಟ್ಟೆ ಸವರಿದರು. ಅಲ್ಲಿ ರೇಷ್ಮೆ ಎದ್ದು ನಿಂತಿತ್ತು, ದೋಸೆಕಲ್ಲಿನ ಮೇಲೆ ಉಬ್ಬಿದ ಚಪಾತಿಯ ಹಾಗೆ. ಯಾವ ಕಡೆ ಒತ್ತಿದರೂ ಇನ್ನೊಂದು ಕಡೆ ಏಳುತ್ತಿತ್ತು.

ಅವರು ಸಾಬವ್ವನನ್ನು ಕರೆದರು. ಸಾಬವ್ವ ಕನ್ನಡಕ ಏರಿಸಿ ನೋಡಿದರು.

"ಇದೇನ ಉಮಾ, ಬಸರಿ ಆಗೇತಲ್ಲ ಇದು!"

"ನಗಾಡ್ಬೇಡಿ ಅಕ್ಕ. ನೀವು ಹೇಳಿದ ಹಾಗೇ ಅಂಚಿನಿಂದ ಬಂದದ್ದು ನಾನು."

"ನಾ ಕೈಲೆ ಹೊಲಿಯಾಕಿ. ನಾಕು ಹೊಲಿಗಿ ಹಾಕ್ತೀನಿ, ಒಮ್ಮೆ ಸವರ್ತೀನಿ, ಮುದುಡಿದ್ದೆಲ್ಲ ಅಲ್ಲಲ್ಲೇ ಮಡಚಿ ಹಾಕ್ತೀನಿ. ನಿನ್ನ ಮೆಷಿನ್ನು ಸವರತೈತೇನು? ಬಟ್ಟಿನ ಮುಂದ ಮುಂದ ನೂಕ್ಕೊಂತ ಬಂದೈತಿ. ಎಲ್ಲಾ ನಡುವ ಬಂದು ಕುಂತೈತಿ."

ಅದು ನಿಜವಾಗಿತ್ತು. ಹತ್ತಿಯ ಮೇಲೆ ಬಳ್ಳಿ ಹೊಲಿಯುವಾಗ ಆ ಹೆಚ್ಚಿನ ಬಟ್ಟೆ ಬಳ್ಳಿಯ ತಿರುವುಗಳಲ್ಲೇ ಅಡಗಿಹೋಗುತ್ತಿತ್ತು. ರೇಷ್ಮೆಯ ಮೇಲಿನ ನೇರ ಗೆರೆ ಏನನ್ನೂ ಅಡಗಿಸಲಿಲ್ಲ. ಮೆಷಿನ್ನಿನಲ್ಲಿ ನಡುವಿನಿಂದ ಶುರು ಮಾಡಿ ಹೊರಗೆ ಬರಬೇಕಾಗಿತ್ತು.

ಒಂದು ಹಳೆಯ ಬಟ್ಟೆಯಲ್ಲಿ ಉಮಾವತಿ ಅಂಥದೇ ಉಬ್ಬು ಮಾಡಿ, ನಾಲ್ಕು ಕಡೆಯಿಂದ ಮಡಚಿ ಹೊಲಿದು ನೋಡಿದರು. ನಡುವೆ ನಿಂಬೆಹಣ್ಣಿನಷ್ಟು ಗಂಟಾಯಿತು. ಅದೇ ಬಟ್ಟೆಯನ್ನು ಮೇಲಿನ ಪದರದಲ್ಲಿ ಮಾತ್ರ ಅಡ್ಡಕ್ಕೂ ಉದ್ದಕ್ಕೂ ಕತ್ತರಿಸಿ, ಹೆಚ್ಚಾದದ್ದನ್ನು ತೆಗೆದು, ಮೇಲೆ ಒಂದು ಚೌಕದ ತುಂಡು ಕೂರಿಸಿದಾಗ ಸಪಾಟಾಯಿತು. ಬೇರೆ ದಾರಿ ಇರಲಿಲ್ಲ.

"ಕತ್ತರಿಸಿ ಮ್ಯಾಲೆ ಚೌಕ ಕೂಡಿಸು. ಡಿಜೈನ್ ಅಂತ ತಿಳ್ಕೋತಾರ. ಯಾರಿಗೆ ಗೊತ್ತಾಗತೈತಿ?" ಎಂದರು ಸಾಬವ್ವ.

ಅದೂ ನಿಜವೇ. ಚೌಕಗಳ ನಡುವೆ ಇನ್ನೊಂದು ಚೌಕ. ಉಮಾವತಿ ಕತ್ತರಿ ತೆಗೆದು ಮೆಷಿನ್ನಿನ ಪಕ್ಕ ಇಟ್ಟರು. ಎರಡು ದಿನ ಅದು ಅಲ್ಲೇ ಇತ್ತು. ಬೇರೆಯವರ ಬ್ಲೌಸು ಹೊಲಿದರು, ಗೋಧಡಿಯ ಮೇಲೆ ಹಳೆಯ ಬೆಡ್‌ಶೀಟ್ ಮುಚ್ಚಿದರು. ಮೂರನೇ ದಿನ ಬೆಳಿಗ್ಗೆ ತೃಪ್ತಿಗೆ ಫೋನ್ ಮಾಡಿದರು.

"ತಪ್ಪು ನನ್ನದೇ ಮಗ. ರೇಷ್ಮೆ ಉಬ್ಬಿದೆ, ಬಿಚ್ಚಿದರೆ ಸೂಜಿಯ ತೂತು ಉಳೀತದೆ. ನಡುವೆ ಕತ್ತರಿಸಬೇಕಾಗ್ತದೆ. ಇಲ್ಲದಿದ್ದರೆ ಉಬ್ಬು ಹಾಗೇ ಇರ್ತದೆ. ಕತ್ತರಿ ಹಾಕಬಾರದು ಅಂತ ನೀನು ಹೇಳಿದ್ದಕ್ಕೆ ಕೇಳ್ತಾ ಇದ್ದೇನೆ."

ತೃಪ್ತಿ ಅಂದಳು, "ಒಂದೇ ಮಾತು ಹೇಳಿದ್ದೆ ಆಂಟಿ ನಾನು."

"ಹೌದು."

"ನಾನು ಡಿಸೈಡ್ ಮಾಡಲ್ಲ. ಪಪ್ಪಾನ ಕರ್ಕೊಂಡು ಬರ್ತೀನಿ. ಸರ್‌ಪ್ರೈಸ್ ಅಂತೂ ಹೋಯ್ತು."

ಭಾನುವಾರ ಹನ್ನೊಂದು ಗಂಟೆಗೆ ಇಬ್ಬರೂ ಬಂದರು. ದೇವದಾಸ್ ತೆಳ್ಳಗಿನ ಮನುಷ್ಯ, ಜೇಬಿನಲ್ಲಿ ಪೆನ್ಸಿಲು. ತೃಪ್ತಿ ದಾರಿಯಲ್ಲೇ ಎಲ್ಲ ಹೇಳಿದ್ದಳು, ಮುಖ ಬಿಗಿದುಕೊಂಡು ನಿಂತಿದ್ದಳು. ಉಮಾವತಿ ಮಂಚದ ಮೇಲೆ ಗೋಧಡಿ ಹರವಿದರು. ದೇವದಾಸ್ ಮೊದಲು ಉಬ್ಬನ್ನು ನೋಡಲಿಲ್ಲ. ಮಂಡಿಯೂರಿ ಕೂತು ಹೊರಗಿನ ಚೌಕದ ಗೆರೆಯ ಮೇಲೆ ಬೆರಳಿಟ್ಟು ಮೂಲೆಯಿಂದ ಮೂಲೆಗೆ ಎಳೆದರು.

"ಅಡಿಪಟ್ಟಿ ಇಟ್ಟು ಎಳೆದದ್ದಾ?"

"ಇಲ್ಲ, ಕೈಯಲ್ಲೇ."

"ಹಾಂ." ಇನ್ನೂ ಮೂರು ಗೆರೆ ನೋಡಿದರು. ಆಮೇಲೆ ನಡುವಿಗೆ ಬಂದು ಉಬ್ಬಿನ ಮೇಲೆ ಅಂಗೈ ಇಟ್ಟರು. "ಇದನ್ನು ನೀವು ಹೇಳದೇ ಕತ್ತರಿಸಿದ್ದರೆ ನಮಗೆ ಗೊತ್ತಾಗ್ತಿತ್ತಾ?"

"ಇಲ್ಲ," ಎಂದರು ಉಮಾವತಿ.

"ಪಪ್ಪಾ, ಬೇಡ ಅಂದ್ರೆ ಬೇಡ. ಹೀಗೇ ತಗೊಂಡು ಹೋಗೋಣ," ಎಂದಳು ತೃಪ್ತಿ.

"ಹೀಗೇ ತಗೊಂಡು ಹೋದರೆ ನಾನು ದಿನಾ ಇದನ್ನೇ ಒತ್ತುತ್ತಾ ಕೂತಿರ್ತೇನೆ. ನಿನ್ನ ಅಮ್ಮನಿಗೆ ಗೊತ್ತು ನನ್ನ ಬುದ್ಧಿ." ಅವರು ಪೆನ್ಸಿಲು ತೆಗೆದು ಉಮಾವತಿಯವರನ್ನು ಕೇಳಿದರು, "ಎಷ್ಟು ತೆಗೆಯಬೇಕು? ಗುರುತು ಹಾಕಲಾ?"

ಇಬ್ಬರೂ ಬಗ್ಗಿ ಅಳೆದರು. ಒಂದೊಂದು ಕಡೆಯಿಂದ ಒಂದು ಬೆರಳಗಲ. ದೇವದಾಸ್ ಅಡ್ಡಕ್ಕೊಂದು ಉದ್ದಕ್ಕೊಂದು ಗೆರೆ ಹಾಕಿದರು. ಉಮಾವತಿ ಕತ್ತರಿಯ ತುದಿ ತೂರಿಸಿ ಮೊದಲ ಕೊಯ್ತ ಹಾಕುವಾಗ ತೃಪ್ತಿ ಅಡಿಗೆಮನೆಗೆ ಹೋಗಿ ನಿಂತಳು. ಸ್ವಲ್ಪ ಹೊತ್ತಾದ ಮೇಲೆ ಅಲ್ಲಿಂದಲೇ, "ಚಾಯ್‌ಪತ್ತಿ ಎಲ್ಲಿದೆ ಆಂಟಿ?" ಎಂದು ಕೇಳಿದಳು.

ಒಳಗೆ ಮಡಚಿದ್ದ ತುದಿಯಿಂದ ಉಮಾವತಿ ಚೌಕದ ತುಂಡು ತೆಗೆದರು. ಅದೂ ದೇವದಾಸ್ ಅವರನ್ನು ಕೇಳಿ, ಅವರು ಹೂಂ ಅಂದ ಮೇಲೆಯೇ. ತುಂಡನ್ನು ಕೂರಿಸಿ ಈ ಸಲ ಅದರ ನಡುವಿನಿಂದ ಹೊರಗೆ ಹೊಲಿದರು. ಮೆಷಿನ್ನು ಒಂದು ಗಂಟೆ ಓಡಿತು. ಚಹಾ ಆರಿತು. ಮಂಚದ ಮೇಲೆ ಮತ್ತೆ ಹರವಿದಾಗ ಬಟ್ಟೆ ಸಪಾಟಾಗಿ ಮಲಗಿತ್ತು. ತೃಪ್ತಿ ಎರಡೂ ಕೈಯಿಂದ ಸವರಿದಳು, ಮತ್ತೊಮ್ಮೆ ಸವರಿದಳು.

ದೇವದಾಸ್ ಬಗ್ಗಿ ಹೊಸ ಚೌಕದ ಒಂದು ಬದಿಯನ್ನು ತೋರಿಸಿದರು. "ಈ ಗೆರೆ ಒಂದು ಕೂದಲೆಳೆ ವಾಲಿದೆ."

"ಗೊತ್ತು. ಹೊಲಿಯುವಾಗಲೇ ಕಂಡಿತು."

"ಬಿಚ್ಚಬೇಡಿ, ತೂತು ಉಳಿಯುತ್ತದೆ," ಎಂದು ಹೇಳಿ ಅವರು ಗೋಧಡಿಯನ್ನು ಮಡಚತೊಡಗಿದರು. ಮಡಚಲು ಇನ್ನೊಂದು ತುದಿಯನ್ನು ಯಾರಾದರೂ ಹಿಡಿಯಬೇಕಿತ್ತು. ತೃಪ್ತಿ ಹೋಗಿ ಹಿಡಿದಳು.